ಜೋನಿ ಸಕ್ಕರೆಯಲ್ಲ

ಅವ್ವ ಹೋಗಿ ಎರಡು ವರ್ಷವಾಯಿತು. ಈಗಲೂ ಬೆಳಿಗ್ಗೆ ಕಾವಲಿಯ ಮೇಲೆ ಮೊದಲ ದೋಸೆ ಹೊಯ್ದು ಅದು ಚೊಂಯ್ ಎಂದ ಕೂಡಲೇ ನನ್ನ ಕೈ ತಾನಾಗಿಯೇ ಗೋಡೆಯ ಮಾಡಿನ ಮೂಲೆಗೆ ಹೋಗುತ್ತದೆ. ಅಲ್ಲಿ ಜೋನಿಬೆಲ್ಲದ ಡಬ್ಬಿ ಇರುತ್ತಿತ್ತು. ಈಗ ಅಲ್ಲಿ ಮೆಂತ್ಯದ ಭರಣಿ ಇದೆ. ಕೈಗೆ ಇದನ್ನು ಎಷ್ಟು ಸಲ ಹೇಳಿದರೂ ಬುದ್ಧಿ ಬಂದಿಲ್ಲ.

ನಾನು ವಿಜ್ಞಾನದ ಟೀಚರ್. ಸಿದ್ದಾಪುರದಲ್ಲಿ ಏಳು ವರ್ಷ, ಯಲ್ಲಾಪುರದಲ್ಲಿ ಒಂಬತ್ತು ವರ್ಷ, ಆಮೇಲೆ ಶಿರಸಿಯಲ್ಲಿ. ಮೂರೂ ಊರಿನ ಮಕ್ಕಳು ನನ್ನನ್ನು ಬೆನ್ನ ಹಿಂದೆ ಕರೆಯುತ್ತಿದ್ದದ್ದು 'ಸಿಟ್ಟಿನ ಟೀಚರ್' ಎಂದೇ, ಅದರಲ್ಲಿ ಸುಳ್ಳೇನಿಲ್ಲ. ಮದುವೆ ಆಗಲಿಲ್ಲ, ಅದರ ಕತೆ ಇಲ್ಲಿ ಬೇಡ. ಅಪ್ಪ ತೀರಿಕೊಂಡ ಮೇಲೆ ದಾಸನಕೊಪ್ಪದ ಮನೆ ಮುಚ್ಚಿ ಅವ್ವನನ್ನು ಶಿರಸಿಯ ನನ್ನ ಬಾಡಿಗೆ ಮನೆಗೆ ಕರೆತಂದೆ. ಅವಳು ಒಂದು ಟ್ರಂಕು, ಅರ್ಧ ಹೊಲಿದ ಕೌದಿ ಮತ್ತು ಜೋನಿಯ ಡಬ್ಬಿ ಹಿಡಿದುಕೊಂಡು ಬಸ್ಸಿಳಿದಳು. ಟ್ರಂಕನ್ನು ನನ್ನ ಕೈಗೆ ಕೊಟ್ಟಳು, ಡಬ್ಬಿಯನ್ನು ಮಾತ್ರ ಕೊಡಲಿಲ್ಲ.

ಜೋನಿ ಎಂದರೆ ನೀರುಬೆಲ್ಲ. ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸುವಾಗ, ಅಚ್ಚಿಗೆ ಹೊಯ್ಯುವಷ್ಟು ಗಟ್ಟಿಯಾಗುವ ಮೊದಲೇ ಕೊಪ್ಪರಿಗೆ ಇಳಿಸಿದರೆ ಜೇನುತುಪ್ಪದ ಹಾಗೆ ಸುರಿಯುವ ಬೆಲ್ಲ ಸಿಗುತ್ತದೆ. ಬನವಾಸಿಯ ಹತ್ತಿರ ಅವ್ವನ ತಮ್ಮನ ಕಬ್ಬಿನ ಗದ್ದೆಯಿದೆ. ಪ್ರತಿವರ್ಷ ಆಲೆಮನೆ ಮುಗಿಯುತ್ತಲೇ ಮಾಮ ಒಂದು ದೊಡ್ಡ ಡಬ್ಬಿ ಜೋನಿ ತಂದುಕೊಡುತ್ತಿದ್ದ. "ಅಕ್ಕಾ, ಈ ಸಲದ್ದು ಬಂಗಾರ ಬಂಗಾರ ಆಗೈತಿ ನೋಡು" ಎನ್ನುತ್ತಾ ಮುಚ್ಚಳ ತೆಗೆದರೆ ಇಡೀ ಮನೆ ಘಮ್ಮೆನ್ನುತ್ತಿತ್ತು. ನಮ್ಮ ಕಡೆ ದೋಸೆಗೆ ಚಟ್ನಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಜೋನಿ ಇರಲೇಬೇಕು. ಅವ್ವ ತಟ್ಟೆಯ ಒಂದು ಬದಿಗೆ ಜೋನಿ ಸುರಿದು, ಅದರ ನಡುವೆ ಒಂದು ಚಮಚ ತುಪ್ಪ ಬಿಡುವಳು. ತುಪ್ಪ ಕರಗಿ ಹರಡುವುದರೊಳಗೆ ದೋಸೆಯ ತುಂಡು ಅದ್ದಬೇಕು. ನಾನು ಶಾಲೆಗೆ ಹೋಗುವ ಹುಡುಗಿಯಾಗಿದ್ದಾಗ ಆ ತಟ್ಟೆಯನ್ನು ನೆಕ್ಕಿ, ಬೈಸಿಕೊಂಡು, ಮತ್ತೆ ನೆಕ್ಕಿ ಓಡುತ್ತಿದ್ದೆ. ಅಪ್ಪನ ಸೈಕಲ್ ರಿಪೇರಿ ಅಂಗಡಿ ಮನೆಯ ಮುಂದೆಯೇ ಇತ್ತು. ಅಪ್ಪ ಗ್ರೀಸಿನ ಕೈ ತೊಳೆದು ಬಂದು ಕೂರುವಾಗ ಅವನಿಗೆ ಆರು ದೋಸೆ ಕಾದಿರುತ್ತಿದ್ದವು. ಅಂಥ ಬೆಳಗುಗಳು ಮತ್ತೆ ಬರಲಿಲ್ಲ.

ನೌಕರಿ ಸೇರಿದ ಮೇಲೆ ಬೇರೆ ಊರುಗಳ ತಿಂಡಿಯನ್ನೂ ತಿಂದೆ. ಸಿದ್ದಾಪುರದ ಬಾಡಿಗೆ ಕೋಣೆಯಲ್ಲಿ ಅವಲಕ್ಕಿಗೆ ಮೊಸರು ಕಲಸಿಕೊಂಡು ನಿಂತೇ ತಿಂದು ಶಾಲೆಗೆ ಓಡುತ್ತಿದ್ದೆ. ಯಲ್ಲಾಪುರದಲ್ಲಿ ಬಸ್‌ಸ್ಟ್ಯಾಂಡಿನ ಎದುರು ಬಿಸಿ ಬಿಸಿ ಬನ್ಸ್ ಭಾಜಿ. ತಿಂಗಳಿಗೊಮ್ಮೆ ದಾಸನಕೊಪ್ಪಕ್ಕೆ ಹೋದಾಗ ಮಾತ್ರ ಅವ್ವ ಜೋನಿ ಹಾಕಿಕೊಟ್ಟ ತಟ್ಟೆ ಸಿಗುತ್ತಿತ್ತು. ಹಾಗಾಗಿ ಅವಳು ಶಿರಸಿಗೆ ಬಂದಾಗ ನನಗೆ ಆದ ಖುಷಿಯಲ್ಲಿ ಅರ್ಧ ಅವಳದ್ದು, ಅರ್ಧ ಡಬ್ಬಿಯದ್ದು. ಸುಳ್ಳು ಯಾಕೆ ಹೇಳಲಿ?

ಬಂದ ವರ್ಷವೇ ಅವಳ ಕಣ್ಣು ಮಂಜಾಗತೊಡಗಿತು. ಮೊದಲು ಸೂಜಿಗೆ ದಾರ ಹಾಕಲು ನನ್ನನ್ನು ಕರೆಯುತ್ತಿದ್ದಳು. ಆಮೇಲೆ ಅಕ್ಕಿಯಲ್ಲಿ ಕಲ್ಲು ಉಳಿಯಲು ಶುರುವಾಯಿತು. ಒಂದು ದಿನ ಬಾಗಿಲಲ್ಲಿ ನಿಂತಿದ್ದ ನನ್ನನ್ನೇ "ಯಾರ್ರಿ, ಬರ್ರಿ ಒಳಗ" ಎಂದು ಕರೆದಳು. ನನಗೆ ನಗು ಬಂತು, ಆದರೆ ಮರುದಿನವೇ ಅವಳನ್ನು ಆಸ್ಪತ್ರೆಗೆ ಕರೆದೊಯ್ದೆ. ಕಣ್ಣಿನ ಡಾಕ್ಟರು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದು ಬಲಿತಿದೆ, ಆಪರೇಷನ್ ಮಾಡಿದರೆ ಚೆನ್ನಾಗಿ ಕಾಣುತ್ತದೆ, ಆದರೆ ಸಕ್ಕರೆ ಕಾಯಿಲೆ ವಿಪರೀತ ಇದೆ, ಮೊದಲು ಅದನ್ನು ಇಳಿಸಿಕೊಂಡು ಬನ್ನಿ ಎಂದರು. ಸಕ್ಕರೆ ಇಳಿಯದೆ ಕಣ್ಣಿಗೆ ಕೈ ಹಚ್ಚುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟರು.

ಸಕ್ಕರೆಗೆ ಔಷಧಿ ಕೊಡುವ ಡಾಕ್ಟರು ಬೇರೆ. ಬಯಲುಸೀಮೆಯಿಂದ ಬಂದವರು, ಒಳ್ಳೆಯ ಮನುಷ್ಯ. ಅವರು ಕೇಳಿದ ಮೊದಲ ಪ್ರಶ್ನೆ, "ಅಮ್ಮಾ, ಸಕ್ಕರೆ ತಿಂತೀರಾ?"

"ಇಲ್ರಿ. ಸಕ್ರಿ ನಮ್ಮ ಮನ್ಯಾಗ ತರಂಗೇ ಇಲ್ರಿ."

ಡಾಕ್ಟರು ನನ್ನ ಮುಖ ನೋಡಿದರು. ನಾನೂ ತಲೆ ಅಲ್ಲಾಡಿಸಿದೆ. ನಿಜವೇ ತಾನೆ? ನಮ್ಮ ಮನೆಗೆ ಸಕ್ಕರೆಯ ಪೊಟ್ಟಣ ಬಂದದ್ದೇ ಇಲ್ಲ. ಚಹಾಕ್ಕೂ ಬೆಲ್ಲ. ಗ್ಲೂಕೋಸು, ಸುಕ್ರೋಸು ಎಂದು ಕಪ್ಪುಹಲಗೆಯ ಮೇಲೆ ಬರೆದು ಬರೆದು ಸೀಮೆಸುಣ್ಣ ಸವೆಸಿದ ನಾನು, ಅಂದು ಒಂದು ಕ್ಷಣವೂ ಯೋಚಿಸದೆ ತಲೆ ಅಲ್ಲಾಡಿಸಿದೆ. ಈ ನಾಚಿಕೆ ನನಗೆ ಸಾಯುವ ತನಕ ಹೋಗುವುದಿಲ್ಲ. ನಮ್ಮ ಕಡೆಯವರಿಗೆ ಸಕ್ಕರೆ ಎಂದರೆ ಅಂಗಡಿಯ ಬಿಳಿ ಹರಳು. ಜೋನಿ ಎಂದರೆ ಜೋನಿ. ಅದು ಉಪ್ಪು, ಹುಣಸೆಹಣ್ಣಿನ ಸಾಲಿನಲ್ಲಿ ಕೂರುವ ಸಾಮಾನು.

ಗುಳಿಗೆ ಕೊಟ್ಟರು. ಒಂದು ತಿಂಗಳ ಮೇಲೆ ನೋಡಿದರೆ ಸಕ್ಕರೆ ಇಳಿದಿಲ್ಲ. ಗುಳಿಗೆ ಜಾಸ್ತಿ ಮಾಡಿದರು. ಮತ್ತೊಂದು ತಿಂಗಳು, ಅದೇ ಹಾಡು. ಕಣ್ಣಿನ ಆಪರೇಷನ್ ಎರಡು ಸಲ ಮುಂದೆ ಹೋಯಿತು. ಅಷ್ಟರಲ್ಲಿ ಅವ್ವ ಗೋಡೆ ಹಿಡಿದು ಬಚ್ಚಲಿಗೆ ಹೋಗುವ ಹಾಗಾಗಿದ್ದಳು. ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡು ಹಳೆಯ ಹೊಲಿಗೆಗಳ ಮೇಲೆ ಬೆರಳಾಡಿಸುತ್ತಾ ಕೂತಿರುವಳು. "ಇನ್ನೇನ ಕಣ್ಣು, ಹೋದ್ವು ಬಿಡು" ಎಂದು ಒಮ್ಮೆ ಹೇಳಿದಳು. ನಾನು ಸಿಟ್ಟಿನಿಂದ ರೇಗಿದೆ. ಅಡಿಗೆಮನೆಗೆ ಹೋಗಿ ಅತ್ತೆ.

ಮೂರನೆಯ ಸಲ ಹೋದಾಗ ಡಾಕ್ಟರು ನಮ್ಮನ್ನು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಊಟತಿಂಡಿಯ ವಿಷಯ ತಿಳಿಸುವ ಹೆಣ್ಣುಮಗಳೊಬ್ಬಳು ಕೂತಿದ್ದಳು. ಅವಳು ಸಕ್ಕರೆಯ ಮಾತೇ ಎತ್ತಲಿಲ್ಲ. "ಅಜ್ಜಿ, ನಿನ್ನೆ ಎದ್ದಲ್ಲಿಂದ ಏನೇನು ತಿಂದ್ರಿ, ಒಂದೊಂದೇ ಹೇಳಿ" ಎಂದಳು.

ಅವ್ವನಿಗೆ ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಸಂಭ್ರಮದಿಂದ ಶುರುಮಾಡಿದಳು. "ಎದ್ದ ಕೂಡ್ಲೆ ಒಂದ್ ವಾಟಿ ಬೆಲ್ಲದ ಚಾ ರಿ. ಆಮ್ಯಾಲ ನಾಕು ದ್ವಾಸಿ. ಜೋನಿ ರಿ, ತುಪ್ಪ ರಿ. ಜೋನಿ ಸ್ವಲ್ಪ ಉಳೀತಂತ ಇನ್ನೊಂದು ದ್ವಾಸಿ. ದ್ವಾಸಿ ಉಳೀತಂತ ಇನ್ನೊಂಚೂರು ಜೋನಿ."

ಆ ಹೆಣ್ಣುಮಗಳು ಬರೆಯುವುದನ್ನು ನಿಲ್ಲಿಸಿ ಪೆನ್ನು ಕೆಳಗಿಟ್ಟಳು. "ಅಜ್ಜಿ, ಜೋನಿಬೆಲ್ಲ ಸಕ್ಕರೆನೇ ಅಲ್ವಾ?"

"ಅಯ್ಯ, ಅದ್ಹೆಂಗ ಸಕ್ರಿ ಆಕ್ಕೈತಿ? ಅದು ನಮ್ಮ ತಮ್ಮನ ಗದ್ದೀದು!"

ಆ ಹೆಣ್ಣುಮಗಳು ನನ್ನ ಕಡೆ ತಿರುಗಿ, "ಮೇಡಂ, ನೀವೇನು ಕೆಲಸ ಮಾಡ್ತೀರಿ?" ಎಂದು ಕೇಳಿದಳು. ನೆಲ ಬಾಯಿ ಬಿಟ್ಟಿದ್ದರೆ ಒಳಗಿಳಿದು ಕೂತುಬಿಡುತ್ತಿದ್ದೆ. "ಟೀಚರ್" ಎಂದೆ. ಯಾವ ವಿಷಯ ಎಂದು ಅವಳು ಕೇಳಲಿಲ್ಲ, ಪುಣ್ಯಾತಗಿತ್ತಿ.

ಅವಳು ತಾಳ್ಮೆಯಿಂದ ಹೇಳಿಕೊಟ್ಟಳು. ಬರೀ ಅಕ್ಕಿಯ ದೋಸೆ ಬೇಡ, ಅದಕ್ಕೆ ಹೆಸರುಕಾಳು, ಮೆಂತ್ಯ ಸೇರಿಸಿ ರುಬ್ಬಿ. ಎರಡೇ ದೋಸೆ. ಮೊದಲು ಪಲ್ಯ ತಿಂದು ಮುಗಿಸಿ, ಆಮೇಲೆ ದೋಸೆಗೆ ಕೈ ಹಾಕಿ. ಹೊಟ್ಟೆಗೆ ಮೊದಲು ಸೊಪ್ಪು, ಕಾಳು ಹೋದರೆ ಆಮೇಲೆ ತಿಂದದ್ದು ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಸಕ್ಕರೆ ಧಡಕ್ಕನೆ ಏರಬಾರದು. ಜೋನಿ ಪೂರ್ತಿ ಬಂದ್. ಅವಳು ಕೊನೆಯಲ್ಲಿ, ಗುಳಿಗೆ ತಗೊಂಡ ಮೇಲೆ ಹೊಟ್ಟೆ ಖಾಲಿ ಬಿಡಬೇಡಿ, ತಿಂಡಿ ಬದಲಾದ ಮೇಲೆ ಗುಳಿಗೆಯನ್ನೂ ಡಾಕ್ಟರಿಗೆ ಕೇಳಿ ಸರಿಮಾಡಿಕೊಳ್ಳಿ ಎಂದೂ ಹೇಳಿದಳು. ನನ್ನ ಕಿವಿಗೆ ಜೋನಿ ಬಂದ್ ಎಂಬುದೊಂದೇ ಹೋಯಿತು. ಸಿಟ್ಟಿನಲ್ಲಿದ್ದೆ. ಅವ್ವನ ಮೇಲೋ, ನನ್ನ ಮೇಲೋ, ಮಾಮನ ಗದ್ದೆಯ ಮೇಲೋ, ನನಗೇ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಡಬ್ಬಿಯನ್ನು ಮಾಡಿನಿಂದ ಇಳಿಸಿ ಅಟ್ಟಕ್ಕೆ ಸಾಗಿಸಿದೆ. ಅವ್ವನ ತಟ್ಟೆಗೆ ಸೌತೆಕಾಯಿ ಹೋಳು ಮಾತ್ರ ಹಾಕಿದೆ. ಸಕ್ಕರೆ ಇಳಿಸುವುದೇ ಆದರೆ ಪೂರ್ತಿ ಇಳಿಸಿಯೇ ಬಿಡುವ ಎಂಬ ಹಟ. ಹೆಚ್ಚು ಮಾಡಿದ್ದ ಗುಳಿಗೆಗಳನ್ನೆಲ್ಲ ಎಂದಿನಂತೆ ನುಂಗಿಸಿದೆ.

"ಏನಬೇ, ನಾನೇನು ಎಮ್ಮಿ ಕರಾನ?" ಎಂದಳು ಅವ್ವ.

"ಕಣ್ಣು ಬೇಕೋ ಬ್ಯಾಡೋ?" ಎಂದೆ.

ಅವಳು ಸೌತೆಕಾಯಿ ತಿಂದಳು. ಶಾಲೆಗೆ ಅಂದು ರಜೆಯಿದ್ದದ್ದು ನನ್ನ ಅದೃಷ್ಟ. ಹನ್ನೊಂದರ ಸುಮಾರಿಗೆ ಅವ್ವ ಕೂತಲ್ಲೇ ಬೆವರತೊಡಗಿದಳು. ಕೈ ನಡುಗುತ್ತಿತ್ತು. "ಅಂಗಡಿ ಬಾಗ್ಲ ಹಾಕಿದ್ರನ?" ಎಂದು ತೀರಿಹೋದ ಅಪ್ಪನನ್ನು ಕೇಳುತ್ತಿದ್ದಳು. ಬಾಗಿಲಿಗೆ ಹೋಗಿ ಕೂಗಿಕೊಂಡೆ. ಬಾಜು ಮನೆಯ ಆಯಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಓಡಿಬಂದರು. ಹವ್ಯಕರು, ಅವರ ಯಜಮಾನರೂ ಇದೇ ಕಾಯಿಲೆಯವರು.

"ಎಂತ ಆತೇ? ಹೊಟ್ಟೆಗೆ ಎಂತ ಕೊಟ್ಟಿದ್ದೆ?"

"ಸೌತೆಕಾಯಿ."

"ಗುಳಿಗೆ ಕೊಟ್ಟು ಬರೀ ಸೌತೆಕಾಯಿಯ? ಮಾರಾಯ್ತಿ, ನಿಂಗೆ ತಲೆ ಸರಿ ಇದ್ದ ಇಲ್ಯ? ಸಕ್ರೆ ಇಳಿದುಹೋಜು. ಬೆಲ್ಲ ಎಲ್ಲಿದ್ದು, ಬೇಗ ತಗಬಾ!"

ಆಗತಾನೆ ಅಟ್ಟಕ್ಕೆ ಹಾಕಿದ್ದ ಡಬ್ಬಿಗೆ ಏಣಿ ಹತ್ತಿದೆ. ಆಯಿ ಅವ್ವನ ತಲೆಯನ್ನು ತೋಳಿನ ಮೇಲೆ ಇಟ್ಟುಕೊಂಡು ಜೋನಿಯನ್ನು ಸ್ವಲ್ಪ ಸ್ವಲ್ಪವೇ ಚಪ್ಪರಿಸಲು ಕೊಟ್ಟರು. ಹತ್ತು ನಿಮಿಷದಲ್ಲಿ ಅವ್ವನ ಬೆವರು ನಿಂತಿತು. ಮಂಕಾದ ಕಣ್ಣನ್ನು ನಾನಿದ್ದ ಕಡೆ ತಿರುಗಿಸಿ, "ಜೋನಿ ಕೊಟ್ಯನಬೇ? ಛಲೋ ಮಾಡ್ದಿ" ಎಂದಳು. ಆಯಿ ನಕ್ಕರು. ನಾನು ಅವ್ವನ ಕಾಲ ಹತ್ತಿರ ಕೂತು ಡಬ್ಬಿಯ ಮುಚ್ಚಳ ಹಾಕಿದೆ.

ಸಂಜೆ ಡಾಕ್ಟರು ನನಗೆ ಸರಿಯಾಗಿ ಬೈದು ಗುಳಿಗೆ ಇಳಿಸಿದರು. ಏರುವುದು ಎಷ್ಟು ಕೆಟ್ಟದ್ದೋ ಧಡಕ್ಕನೆ ಇಳಿಯುವುದು ಅದಕ್ಕಿಂತ ಅಪಾಯ, ನಮಗೆ ಬೇಕಾದದ್ದು ಒಂದೇ ಹದ ಎಂದರು. ಬೆರಳಿಗೆ ಸೂಜಿ ಚುಚ್ಚಿ ಮನೆಯಲ್ಲೇ ಸಕ್ಕರೆ ನೋಡುವ ಸಣ್ಣ ಮಶಿನ್ ತೆಗೆದುಕೊಳ್ಳಲು ಹೇಳಿದರು.

ಆ ಮಶಿನ್ ಮನೆಗೆ ಬಂದ ಬೆಳಿಗ್ಗೆ ಅವ್ವ ಬೆರಳು ಕೊಡಲು ಒಪ್ಪಲಿಲ್ಲ. ಸೂಜಿ ಎಂದರೆ ಹೆದರಿಕೆ, ಹೊಲಿಯುವವಳಿಗೆ ನೋಡಿ! "ನೋಯಂಗಿಲ್ಲ ಅವ್ವಾ, ಇಲ್ಲಿ ನೋಡು, ನಾನ ಚುಚ್ಗೊಂಡೆ" ಎಂದು ಮೊದಲು ನನ್ನ ಬೆರಳಿಗೆ ಚುಚ್ಚಿಕೊಂಡೆ. ಮಶಿನ್ನಿನಲ್ಲಿ ಅಂಕಿ ಬಂತು. ನಾನಿನ್ನೂ ಏನೂ ತಿಂದಿರಲಿಲ್ಲ. ಆಮೇಲೆ ಅವ್ವನ ಬೆರಳಿನಿಂದ ಬಂದ ಅಂಕಿಗಿಂತ ನನ್ನದೇ ದೊಡ್ಡದಿತ್ತು.

"ಎಷ್ಟು ಬಂತು ನಿಂದು?" ಎಂದು ಅವ್ವ ಕೇಳಿದಳು.

"ನಂದು ಸರಿ ಐತಿ" ಎಂದೆ.

ಯಾಕೆ ಹಾಗೆ ಹೇಳಿದೆ? ಮೊದಲು ಅವಳ ಕಣ್ಣಿನ ಕೆಲಸ ಮುಗಿಯಲಿ, ಆಮೇಲೆ ನನ್ನದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧ ಬರೀ ಹೆದರಿಕೆ. ಡಾಕ್ಟರ ಹತ್ತಿರ ಹೋದರೆ ಅವರು ಕಾಯಿಲೆಯ ಹೆಸರು ಹಿಡಿದು ಹೇಳಿಬಿಡುತ್ತಾರೆ, ಹೇಳಿದರೆ ಅದು ಬಂದಂತೆಯೇ. ಹೋಗಲಿಲ್ಲ.

ಅವ್ವನ ತಿಂಡಿಯನ್ನು ಮಾತ್ರ ಶ್ರದ್ಧೆಯಿಂದ ಮಾಡಿದೆ. ಹೆಸರುಕಾಳಿನ ದೋಸೆ, ಬಸಳೆಸೊಪ್ಪಿನ ಪಲ್ಯ, ಶೇಂಗಾ ಚಟ್ನಿ. ಮೊದಲ ವಾರ ಅವ್ವ ಪಲ್ಯವನ್ನು ಶಿಕ್ಷೆಯ ಹಾಗೆ ನುಂಗಿದಳು. ಎರಡನೆಯ ವಾರ ಅವಳೇ ಹೇಳಿದಳು, "ಒಂದ್ ಕೆಲಸ ಮಾಡು. ಜ್ವಾಳದ ರೊಟ್ಟಿ ಬಡಿ, ಮಡಿಕಿಕಾಳು ಪಲ್ಯ ಮಾಡು. ನಮ್ಮವ್ವ ಹೊಲಕ್ಕ ಹೋಗೂ ಮುಂದ ಅದನ್ನ ಕಟ್ಕೊಂಡು ಹೋಗ್ತಿದ್ಲು." ಅವಳು ಚಿಕ್ಕವಳಿದ್ದಾಗ ಜೋನಿ ಕಾಣುತ್ತಿದ್ದದ್ದು ಬೀಗರು ಬಂದಾಗ ಮಾತ್ರವಂತೆ. ನಾನು ರೊಟ್ಟಿ ಬಡಿದರೆ ಅಂಚು ಹರಿಯುತ್ತಿತ್ತು. ಸದ್ದು ಕೇಳಿಯೇ, "ಅಂಗೈ ಬಿಗಿ ಹಿಡೀಬ್ಯಾಡ, ಸಡಿಲ ಬಿಡು" ಎಂದು ಕೂತಲ್ಲಿಂದ ಹೇಳುವಳು. ಕಣ್ಣು ಕಾಣದ ಅವ್ವ, ರೊಟ್ಟಿ ಬರದ ಮಗಳು, ನಾವಿಬ್ಬರೂ ಬೆಳ್ಳಂಬೆಳಿಗ್ಗೆ ನಗುತ್ತಿದ್ದೆವು. ಹೀಗೆ ಎರಡು ತಿಂಗಳು ನಡೆಯಿತು.

ಆದರೆ ಅದೇ ಎರಡು ತಿಂಗಳು ನಾನು ಮಾಡಿದ ಒಂದು ಕೆಲಸವಿದೆ. ಅವ್ವನಿಗೆ ಬಡಿಸಿ, ಅವಳ ಎದುರು ಚಾಪೆಯ ಮೇಲೆ ನನ್ನ ತಟ್ಟೆ ಇಟ್ಟುಕೊಂಡು ಕೂರುತ್ತಿದ್ದೆ. ನನ್ನ ತಟ್ಟೆಯಲ್ಲಿ ಅಕ್ಕಿಯ ದೋಸೆ, ಜೋನಿ, ತುಪ್ಪ. ಡಬ್ಬಿಯನ್ನು ಆಯಿ ಬಂದ ದಿನ ಇಳಿಸಿದ್ದೇ ಇಳಿಸಿದ್ದು, ಮತ್ತೆ ಹತ್ತಿಸಿರಲಿಲ್ಲ. ಇವತ್ತೊಂದು ದಿನ, ನಾಳೆಯಿಂದ ಬಿಡುತ್ತೇನೆ ಎಂದುಕೊಳ್ಳುತ್ತಾ ದಿನಾ ತಿಂದೆ. ನನ್ನ ರವಿಕೆ ಸಡಿಲವಾಗಿತ್ತು, ಕ್ಲಾಸಿನಲ್ಲಿ ನಾಲಿಗೆ ಒಣಗುತ್ತಿತ್ತು, ಆದರೂ ತಿಂದೆ. ಹೆದರಿದವಳಿಗೆ ಅವ್ವ ಮಾಡಿಕೊಡುತ್ತಿದ್ದ ತಟ್ಟೆಯೇ ಬೇಕೆನಿಸುತ್ತಿತ್ತು. ಅವ್ವ ಎದುರೇ ಕೂತು ಪಲ್ಯ ಅಗಿಯುತ್ತಿದ್ದಳು. ಅವಳಿಗೆ ಕಾಣುವುದಿಲ್ಲವಲ್ಲ ಎಂಬ ಧೈರ್ಯ ನನಗೆ. ಥೂ, ಎಂಥ ಧೈರ್ಯ ಅದು!

ಎರಡು ತಿಂಗಳಿಗೆ ಅವ್ವನ ಸಕ್ಕರೆ ಹದಕ್ಕೆ ಬಂತು. ಕಣ್ಣಿನ ಡಾಕ್ಟರು ಒಪ್ಪಿ ಬಲಗಣ್ಣಿನ ಆಪರೇಷನ್ ಮಾಡಿದರು. ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿ, ಕಣ್ಣಿಗೆ ಔಷಧಿ ಬಿಟ್ಟು, ಕಪ್ಪು ಕನ್ನಡಕ ಹಾಕಿ ಕಳಿಸಿದರು. ರಿಕ್ಷಾದಲ್ಲಿ ಅವ್ವ ಹೊರಗೇ ನೋಡುತ್ತಾ ಬಂದಳು. ಅಂಗಡಿಗಳ ಬೋರ್ಡು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. ನನಗೆ ಹಿಡಿಸಲಾರದಷ್ಟು ಖುಷಿ. ಮನೆಗೆ ಬಂದವಳೇ ತಿಂಡಿಗೆ ಹೊತ್ತಾಯಿತೆಂದು ಗಡಿಬಿಡಿಯಲ್ಲಿ ಎರಡು ತಟ್ಟೆ ಹಾಕಿದೆ. ಅವಳಿಗೆ ರೊಟ್ಟಿ ಪಲ್ಯ. ನನಗೆ ದಿನದ ರೂಢಿಯಂತೆ ದೋಸೆ, ಜೋನಿ. ಕೈ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ.

ಒಳಗೆ ಬೆಳಕು ಕಡಿಮೆಯೆಂದು ಅವ್ವ ಕನ್ನಡಕ ತೆಗೆದು ಪಕ್ಕಕ್ಕಿಟ್ಟಳು. ನನ್ನ ತಟ್ಟೆ ನೋಡಿದಳು. ನಾನು ಎತ್ತಿದ್ದ ತುತ್ತು ಅಲ್ಲೇ ನಿಂತಿತು.

"ತಿನ್ನು, ಯಾಕ ನಿಂತಿ?" ಎಂದಳು. "ದಿನಾ ವಾಸನಿ ಬರ್ತಿತ್ತು ನಂಗ. ಹೋಗಿದ್ದು ಕಣ್ಣು, ಮೂಗಲ್ಲ."

"ಮತ್ತ ಯಾಕ ಅನ್ಲಿಲ್ಲ?"

"ನನ್ನ ಸಲುವಾಗಿ ನೀನೂ ಬಾಯಿ ಕಟ್ಟಬೇಕನ? ನನ್ನ ಮಗಳರ ತಿನ್ಲಿ ಅಂತ ಸುಮ್ನಿದ್ದೆ. ನೀ ತಿನ್ನೂದು ಕೇಳಿದ್ರ ನಂಗೂ ತಿಂದಂಗ ಆಗ್ತಿತ್ತು."

ಹೀಗೆ ಹೇಳುತ್ತಾ ನನ್ನ ಮುಖದ ಕಡೆ ನೋಡಿದಳು. ಅವಳು ನನ್ನ ಮುಖವನ್ನು ಸರಿಯಾಗಿ ನೋಡಿ ಎರಡು ವರ್ಷವಾಗಿತ್ತು. ಅವಳ ಕೈ ಬಂದು ನನ್ನ ಗಲ್ಲ ಹಿಡಿಯಿತು, ಕುತ್ತಿಗೆಯ ಎಲುಬು ಮುಟ್ಟಿತು, ಭುಜದಿಂದ ಜಾರಿದ್ದ ರವಿಕೆಯನ್ನು ಮೇಲಕ್ಕೆಳೆಯಿತು.

"ಆವತ್ತು ಮಶಿನ್ಯಾಗ ನಿಂದು ಎಷ್ಟು ಬಂದಿತ್ತು?"

ಐವತ್ತೊಂದು ವರ್ಷದ, ಮೂರು ಊರಿನ ಮಕ್ಕಳನ್ನು ಗದರಿಸಿದ ಟೀಚರು ನಾನು, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ತಲೆ ತಗ್ಗಿಸಿದೆ. ನಿನ್ನದಕ್ಕಿಂತ ಹೆಚ್ಚು ಎಂದು ಹೇಗೋ ಹೇಳಿದೆ. ಹೇಳುತ್ತಿದ್ದಂತೆ ಅಳು ಒತ್ತರಿಸಿ ಬಂತು.

ಅವ್ವ ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ನನ್ನ ತಟ್ಟೆಯನ್ನು ತನ್ನ ಕಡೆಗೆಳೆದುಕೊಂಡು, ತನ್ನ ತಟ್ಟೆಯನ್ನು ನನ್ನ ಮುಂದೆ ಸರಿಸಿದಳು. ಡಾಕ್ಟರು ಅಳಬೇಡಿ, ಕಣ್ಣು ಒದ್ದೆ ಮಾಡಿಕೊಳ್ಳಬೇಡಿ ಎಂದು ಹತ್ತು ಸಲ ಹೇಳಿ ಕಳಿಸಿದ್ದರು. ಆ ಹೊಸ ಕಣ್ಣಿನಿಂದಲೇ ಅವಳು ಅಳುತ್ತಿದ್ದಳು.

"ಕಣ್ಣಿಲ್ಲದಾಕಿ ಅಂತ ನನ್ನ ಎದುರಿಗೆ ಕುಂತು ಸಾಯಾಕ ಹತ್ತಿದ್ಯಲ್ಲ ನೀನು" ಎಂದಳು. "ಮೊದ್ಲ ಪಲ್ಯ ತಿನ್ನು. ನಾ ನೋಡ್ತೀನಿ."